ಒಮ್ಮತದ ಗಾಳಿ

"ನಮಸ್ಕಾರ. ಗದಗ ಸೀಮೆಗೆ ಮುಂದಿನ ಮೂರು ದಿನ ಎಲೆ ಅಲುಗುವಷ್ಟೇ ಗಾಳಿ. ಒಮ್ಮತ, ನೂರಕ್ಕೆ ಎಂಬತ್ತೊಂಬತ್ತು."

ಈ ಮಾತನ್ನು ಅರ್ಧ ಮೂಗಿನಿಂದ, ಅರ್ಧ ಗಂಟಲಿನಿಂದ, ಪ್ರತಿ ಪದದ ನಡುವೆ ಒಂದು ಗುಟುಕು ನೀರು ಕುಡಿದಷ್ಟು ಬಿಡುವು ಕೊಟ್ಟು ಹೇಳಬೇಕು. ಹಾಗೆ ಹೇಳಿದರೆ ಒಮ್ಮತವೇ ಮಾತಾಡಿತೆಂದು ಗಿರ್ಮಿಟ್ ಅಂಗಡಿಯ ದ್ಯಾಮಣ್ಣ ಈಗಲೂ ಬಾಣಲೆ ಬಿಟ್ಟು ತನ್ನ ಫೋನು ನೋಡಿಕೊಳ್ಳುತ್ತಾನೆ. ನಾನು ಗುರುಶಾಂತ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವುದು ಹೊಟ್ಟೆಗೆ, ಪರರ ಧ್ವನಿ ಕದಿಯುವುದು ಹವ್ಯಾಸಕ್ಕೆ.

ಒಮ್ಮತ ಎಂದರೆ ಏನೆಂದು ಈಗ ಹಾಲು ಮಾರುವವರಿಗೂ ಗೊತ್ತು. ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಗೊತ್ತಿದೆ ಅಂದುಕೊಂಡದ್ದರಲ್ಲೇ ನಮ್ಮೆಲ್ಲರ ಕಾಲು ಜಾರಿದ್ದು. ಮೊದಲು ಹವಾಮಾನ ಹೇಳುವವರು ಆಕಾಶ ನೋಡಿ ಹೇಳುತ್ತಿದ್ದರು, ಆಮೇಲೆ ಉಪಗ್ರಹ ನೋಡಿ. ಈಗ ತಾರಸಿ ನೋಡಿ ಹೇಳುತ್ತಾರೆ. ಊರೂರಿನ ಹವ್ಯಾಸಿಗಳು ತಮ್ಮ ತಾರಸಿಯ ಮೇಲೆ ಗಾಳಿಮಾಪಕ ನಿಲ್ಲಿಸುತ್ತಾರೆ. ಅದರ ಮೂರು ಬಟ್ಟಲು ತಿರುಗಿದಷ್ಟೂ ಲೆಕ್ಕ ಒಮ್ಮತಕ್ಕೆ ಹೋಗುತ್ತದೆ. ಒಮ್ಮತ ಎಲ್ಲವನ್ನೂ ಕೂಡಿಸಿ, ಕಳೆದು, ನಾಳೆಯದನ್ನು ಹೇಳುತ್ತದೆ. ಯಾರ ಯಂತ್ರ ಎಷ್ಟು ನಂಬಿಗಸ್ತ ಎಂಬುದಕ್ಕೆ ನೂರರಲ್ಲಿ ಅಂಕ. ಅಕ್ಕಪಕ್ಕದವರ ಹಾಗೆ ಹೇಳಿದರೆ ಅಂಕ ಏರುತ್ತದೆ. ಬೇರೆ ಹೇಳಿದರೆ ಇಳಿಯುತ್ತದೆ. ಅಂಕ ತೀರಾ ಇಳಿದವರ ಮಾತನ್ನು ಒಮ್ಮತ ಕೇಳುವುದನ್ನೇ ಬಿಡುತ್ತದೆ. ಅಂಕೆ ಇದ್ದಲ್ಲಿ ಶಂಕೆ ಇಲ್ಲ ಎಂಬುದು ಅದನ್ನು ಮಾಡಿದವರ ಭರವಸೆ.

ನಮ್ಮ ಬಳಗದ ಹೆಸರು ಗಾಳಿಗೋಪುರ. ಭಾನುವಾರ ಸಂಜೆ ದ್ಯಾಮಣ್ಣನ ಅಂಗಡಿಯ ಮುಂದಿನ ಬೆಂಚುಗಳೇ ನಮ್ಮ ಕಚೇರಿ. ಅಧ್ಯಕ್ಷ ಹಂಪಣ್ಣ ಕುರಹಟ್ಟಿ, ಒಂದು ಕಾಲಕ್ಕೆ ಮುದ್ರಣಾಲಯ ನಡೆಸಿದವರು. ಮುದ್ರಣಾಲಯ ಮುಚ್ಚಿ ಬಹಳ ವರ್ಷವಾದರೂ ಮುದ್ರೆ ಒತ್ತುವುದು ಬಿಟ್ಟಿಲ್ಲ. ಅವರ ಯಂತ್ರದ ಅಂಕ ಜಿಲ್ಲೆಗೇ ಮೊದಲು. ನನಗೆ ಯಂತ್ರವಿಲ್ಲ. ಬಾಡಿಗೆ ಮನೆ. ಮಾಲೀಕರು ತಾರಸಿಗೆ ಬೀಗ ಹಾಕಿದ್ದಾರೆ. ಹಾಗಾಗಿ ಬಳಗದ ವಾರದ ಧ್ವನಿಸುದ್ದಿ ನನ್ನ ಪಾಲಿಗೆ. ಪ್ರತಿ ತಾರಸಿಯ ಗಾಳಿಯನ್ನೂ ಅದರ ಮಾಲೀಕನ ಧ್ವನಿಯಲ್ಲೇ ಓದುತ್ತೇನೆ. ಜನ ಗಾಳಿಗಿಂತ ಧ್ವನಿಗೆ ಹೆಚ್ಚು ಕಿವಿ ಕೊಡುತ್ತಾರೆ.

ಆ ಭಾನುವಾರ ಚರ್ಚೆ ಜೋರಾಗಿತ್ತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ತಮಿಳುನಾಡಿನ ಕಡೆ ತಿರುಗಿತ್ತು. ಉತ್ತರದಲ್ಲಿ ಚಳಿಯ ಒತ್ತಡ. ಇವೆರಡರ ನಡುವೆ ಸಿಕ್ಕಿದ ಮೂಡಗಾಳಿ, ಹಿಂಡಿದ ಟ್ಯೂಬಿನ ಪೇಸ್ಟಿನ ಹಾಗೆ, ಬಯಲು ಸೀಮೆಗೆ ನುಗ್ಗಬೇಕು.

"ರಾಯಚೂರಾಗ ಜೋಳ ಮಲಗ್ತಾವು," ಎಂದರು ಹಂಪಣ್ಣ, ಮಿರ್ಚಿಯ ತೊಟ್ಟು ಎಸೆದು. "ಕೊಪ್ಪಳದಾಗ ತಗಡು ಹಾರ್ತಾವು. ನಮ್ಮ ಗದಗಿಗೆ ಏನೂ ಇಲ್ಲ. ಒಮ್ಮತ ಹಸರು ಐತಿ."

"ಕೊಪ್ಪಳದ ಗಡಿಯಾಗ ಗಾಳಿಗೆ ಪಾಸ್‌ಪೋರ್ಟ್ ಕೇಳ್ತಾರೇನ್ರಿ?" ಎಂದರು ಡಾಕ್ಟರ್ ಜುಲೇಖಾ ಮುಲ್ಲಾ.

ಅವರು ಡಂಬಳದಲ್ಲಿ ಹಲ್ಲಿನ ಡಾಕ್ಟರು. ಕಪ್ಪತಗುಡ್ಡದ ಮೂಡಣ ಮಗ್ಗುಲಲ್ಲಿ ಅವರ ಮನೆ, ಮನೆಯ ಮೇಲೆ ಅವರ ಯಂತ್ರ. ಒಮ್ಮತದ ನಕ್ಷೆಯ ತುಂಬಾ ಹಸಿರು ಚುಕ್ಕೆ, ಡಂಬಳದಲ್ಲಿ ಮಾತ್ರ ಕೆಂಪು. ಅಂಕ ಎಷ್ಟು ಇಳಿದಿತ್ತೆಂದರೆ ಒಮ್ಮತ ಆ ಚುಕ್ಕೆಯ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿತ್ತು.

"ಡಾಕ್ಟರ್ ಬಾಯಾರ, ನಿಮ್ಮ ಯಂತ್ರದ ಬಾಯಿ ತಗಿಸಿ ನೋಡ್ರಲಾ. ಎಲ್ಲಿರೆ ಹುಳುಕ ಹತ್ತಿರಬೇಕು," ಹಂಪಣ್ಣ ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ, "ಗುಡ್ಡದ ಬುಡಕ ನಿಮ್ಮ ಮನಿಯವ್ರದು ಹೊಲ ಐತಲ್ಲ? ಗಾಳಿ ಹೆಚ್ಚು ತೋರಿಸಿದ್ರ ಗಾಳಿಯಂತ್ರದ ಕಂಪನಿಯವ್ರು ಲೀಜಿಗೆ ಬರ್ತಾರಂತ..."

ಬೆಂಚಿನ ಮೇಲಿದ್ದವರೆಲ್ಲ ಮಿರ್ಚಿಗೆ ಕೈ ಹಾಕಿದರು. ಎಲ್ಲರೂ ಇದನ್ನೇ ಅವರ ಬೆನ್ನ ಹಿಂದೆ ಆಡಿಕೊಂಡವರು. ನಾನೂ.

"ಅದಕ್ಕ ನಾ ಸುಳ್ಳು ಗಾಳಿ ಬೀಸಾಕತ್ತೀನಿ ಅಂತೀರಿ?" ಡಾಕ್ಟರು ಎದ್ದು ನಿಂತರು. ಅಷ್ಟರಲ್ಲಿ ಬೀದಿಯಿಂದ ಒಂದು ಬೀಸು ಬಂದು ಬಜ್ಜಿಯ ಕಾಗದ, ದ್ಯಾಮಣ್ಣನ ಮಂಡಕ್ಕಿ, ಹಂಪಣ್ಣನ ಹೆಗಲ ವಸ್ತ್ರ, ಮೂರನ್ನೂ ಎತ್ತಿಕೊಂಡು ಹೋಯಿತು. ಹಂಪಣ್ಣ ವಸ್ತ್ರದ ಹಿಂದೆ ಓಡಿದರು. ಡಾಕ್ಟರು ತಮ್ಮ ಕಾರಿನ ಕಡೆ ನಡೆದರು.

ಕಾರಿನ ಬಾಗಿಲು ಹಾಕಿದ ಸದ್ದಾದದ್ದೇ ನಾನು ಅವರ ಧ್ವನಿಯಲ್ಲಿ ಶುರು ಮಾಡಿದೆ. "ಆ ಅನ್ರಿ... ಇನ್ನೂ ದೊಡ್ಡದು... ಅಯ್ಯೋ, ಚಂಡಮಾರುತ ನಿಮ್ಮ ದವಡ್ಯಾಗ ಐತಲ್ರೀ! ಇದು ದಂತಕಥೆ ಅಲ್ಲರೀ, ದಂತದ ಆಣೆ!"

ಬೆಂಚು ಬಿದ್ದು ಬಿದ್ದು ನಕ್ಕಿತು. ಕಾರಿನ ಗಾಜು ಇಳಿದಿತ್ತು ಎಂಬುದನ್ನು ಆಮೇಲೆ ನೋಡಿದೆ.

*

ಮನೆಯಲ್ಲಿ ತಂಗಿ ಸಾವಂತ್ರಿ ನೆಲದ ಮೇಲೆ ಹಗ್ಗ ಹರವಿಕೊಂಡು ಕೂತಿದ್ದಳು. ಅವಳದು ಗಾಳಿಯಂತ್ರದ ರೆಕ್ಕೆ ರಿಪೇರಿ ಕೆಲಸ. ಗೋಪುರದ ತುದಿಗೆ ಹತ್ತಿ, ಹಗ್ಗ ಕಟ್ಟಿಕೊಂಡು, ರೆಕ್ಕೆಗುಂಟ ಜೋತುಬಿದ್ದು, ಬಿರುಕು ಬಿಟ್ಟಲ್ಲಿ ಉಜ್ಜಿ ಪಟ್ಟಿ ಹಚ್ಚಿ ಬರುವುದು. ಮಂಗಳವಾರ ಕಪ್ಪತಗುಡ್ಡದ ಪಡುವಣ ಹೆಗಲ ಮೇಲಿನ ಗೋಪುರ ಅವಳದು. ಮೊದಲ ಸಲ ತಂಡಕ್ಕೆ ಅವಳೇ ಮುಖ್ಯಸ್ಥೆ.

"ಮಂಗಳವಾರ ರಜಾ ಹಾಕಬಾರದೇನ?" ಎಂದೆ.

"ಬಂತು ನೋಡು." ಅವಳು ಹಗ್ಗವನ್ನು ಬೆರಳಲ್ಲಿ ಗೇಣುಗೇಣಾಗಿ ಸವರುತ್ತ, ಎಳೆ ಬಿಟ್ಟಿದೆಯೇ ಎಂದು ಹುಡುಕುತ್ತಿದ್ದಳು. "ಹೋದ ಸಲ ನಮ್ಮ ಮ್ಯಾನೇಜರ್ ದನ್ಯಾಗ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ನನ್ನ ಕೆಲಸ ನಿಲ್ಲಿಸಿದ್ದಿ. ಅದರ ಹಿಂದಿನ ಸಲ ಅಪ್ಪನ ದನ್ಯಾಗ ಕೆಮ್ಮಿದ್ದಿ. ಅಣ್ಣಾ, ನಿನಗ ಅಂಜಿಕಿ ಬಂದ್ರ ಅಂಜಿಕಿ ಅನ್ನು. ನಾಟಕ ಮಾಡಬ್ಯಾಡ."

"ಅಂಜಿಕಿ ಯಾರಿಗೆ? ನಾನು ನೆಲದ ಮ್ಯಾಲಿನ ಮನಶ್ಯಾ. ನೀ ಎತ್ತರಕ್ಕೆ ಹೋಗಾಕಿ."

"ಒಮ್ಮತ ಹಸರು ಐತಿ," ಎಂದಳು. ಮಾತು ಮುಗಿಯಿತು.

ನಾನು ವಾರದ ಧ್ವನಿಸುದ್ದಿಗೆ ಕೂತೆ. ಹನ್ನೆರಡು ತಾರಸಿಗಳ ಗಾಳಿಯ ಗೆರೆಗಳನ್ನು ಸಾಲಾಗಿ ತೆರೆದೆ. ಪ್ರತಿ ಗೆರೆಗೂ ಅದರ ಮಾಲೀಕನ ಧ್ವನಿ ಕೊಡಬೇಕು. ಲಕ್ಕುಂಡಿಯ ಮೇಷ್ಟರದು ತಡವರಿಸುವ ಧ್ವನಿ, ಮುಳಗುಂದದ ಬಟ್ಟೆ ಅಂಗಡಿಯವರದು ಗಜ ಅಳೆದ ಧ್ವನಿ, ಹಂಪಣ್ಣನದು ಪ್ರತಿ ವಾಕ್ಯಕ್ಕೂ ಮೊಳೆ ಹೊಡೆದ ಧ್ವನಿ. ಎರಡನೆಯ ತಾರಸಿಗೇ ನಿಂತುಬಿಟ್ಟೆ. ಧ್ವನಿ ಬದಲಾಗಲೊಲ್ಲದು. ಯಾಕೆಂದರೆ ಗೆರೆ ಬದಲಾಗಿರಲಿಲ್ಲ.

ಲಕ್ಕುಂಡಿ ಬಯಲಲ್ಲಿದೆ, ಮುಳಗುಂದ ಏರಿನಲ್ಲಿದೆ, ಗದಗ ಕಟ್ಟಡಗಳ ನಡುವೆ ಇದೆ. ಒಂದರ ಗಾಳಿ ಇನ್ನೊಂದರಂತೆ ಇರಬಾರದು. ಆದರೆ ಡಂಬಳ ಬಿಟ್ಟು ಹನ್ನೊಂದೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದಿದ್ದವು. ಶನಿವಾರ ಮಧ್ಯಾಹ್ನ ಒಮ್ಮತ ತನ್ನ ಮುನ್ಸೂಚನೆಯನ್ನು ಸ್ವಲ್ಪ ತಗ್ಗಿಸಿತ್ತು. ಅದಾದ ತುಸು ಹೊತ್ತಿಗೆ ಹನ್ನೊಂದು ತಾರಸಿಗಳ ಗಾಳಿಯೂ ತಗ್ಗಿತ್ತು. ಮೊದಲು ಮುನ್ಸೂಚನೆ, ಆಮೇಲೆ ಗಾಳಿ!

ನಕಲು ಮಾಡುವವನಿಗೆ ನಕಲು ತಿಳಿಯುತ್ತದೆ. ಯಾರೋ ಯಾರದೋ ಮಿಮಿಕ್ರಿ ಮಾಡುತ್ತಿದ್ದರು.

ಮೊದಲು ನನ್ನ ಅನುಮಾನ ಒಮ್ಮತವನ್ನು ನಡೆಸುವವರ ಮೇಲೆ ಹೋಯಿತು. ಆಮೇಲೆ ಗಾಳಿಯಂತ್ರದ ಕಂಪನಿಯ ಮೇಲೆ. ಆಮೇಲೆ ಭಾನುವಾರ ಸಂಜೆಯ ಗೆರೆ ನೋಡಿದೆ. ಹಂಪಣ್ಣನ ಮನೆ ದ್ಯಾಮಣ್ಣನ ಅಂಗಡಿಯ ಹಿಂದಿನ ಓಣಿಯಲ್ಲೇ ಇದೆ. ಅವರು ವಸ್ತ್ರದ ಹಿಂದೆ ಓಡಿದ ಹೊತ್ತಿನಲ್ಲಿ ಅವರ ಯಂತ್ರ ಹೇಳಿದ್ದು: ಎಲೆ ಅಲುಗುವಷ್ಟು.

ಎಲೆ ಅಲುಗುವ ಗಾಳಿಗೆ ವಸ್ತ್ರ ಹಾರುವುದುಂಟೆ?

*

ಸೋಮವಾರ ಕಾಲೇಜು ಬಿಟ್ಟವನೇ ಹಂಪಣ್ಣನ ಮನೆಗೆ ಹೋದೆ. ತಾರಸಿ ಹತ್ತಿದರೆ ಅವರ ಯಂತ್ರದ ಬಟ್ಟಲುಗಳು ಬಟ್ಟಲುಗಳಾಗಿ ಕಾಣುತ್ತಿರಲಿಲ್ಲ, ಒಂದು ಬಿಳಿ ಬಳೆಯಾಗಿ ಕಾಣುತ್ತಿದ್ದವು. ಅಷ್ಟು ಜೋರಾಗಿ ತಿರುಗುತ್ತಿದ್ದವು. ಕೆಳಗಿನ ಪರದೆಯಲ್ಲಿ: ಎಲೆ ಅಲುಗುವಷ್ಟು.

"ಅಜ್ಜಾರ, ಇದೇನಿದು?"

ಹಂಪಣ್ಣ ಮೊದಲು ನೀರಿನ ಟಾಕಿ ನೋಡಿದರು, ಆಮೇಲೆ ಆಕಾಶ ನೋಡಿದರು. "ತಿದ್ದುಪಡಿ."

ಪ್ರತಿ ಯಂತ್ರಕ್ಕೂ ಒಂದು ತಿದ್ದುಪಡಿಯ ತಿರುಪು ಇರುತ್ತದೆ. ಪಕ್ಕದಲ್ಲಿ ಟಾಕಿಯೋ ಮರವೋ ಇದ್ದರೆ ಗಾಳಿ ತಪ್ಪು ಬರುತ್ತದಲ್ಲ, ಅದನ್ನು ಸರಿಪಡಿಸಲು. ಹಂಪಣ್ಣನ ತಿರುಪು ಕೊನೆಯ ಹಲ್ಲಿನವರೆಗೆ ತಿರುಗಿತ್ತು.

"ಹೋದ ಮಳಗಾಲದಾಗ ನನ್ನ ಯಂತ್ರ ಎಲ್ಲರಿಗಿಂತ ಹೆಚ್ಚು ಹೇಳಾಕತ್ತಿತು. ಅಂಕ ಇಳೀತು. ನಂದ ಯಂತ್ರ ಕೆಟ್ಟೇತಿ ಅನಕೊಂಡೆ. ಟಾಕಿ ಅಡ್ಡ ಐತಲ್ಲ, ಅದಕ್ಕ ಅಂತ ಒಂದೀಟು ತಿದ್ದಿದೆ. ಅಂಕ ಏರ್ತು. ಮತ್ತೊಂದೀಟು ತಿದ್ದಿದೆ. ಈಗ ಒಮ್ಮತ ಬದಲಾದಾಗೆಲ್ಲಾ ತಿರುವ್ತೇನಿ."

"ಟಾಕಿ ಅಡ್ಡ ಬಂದ್ರ ಗಾಳಿ ಕಡಿಮಿ ತೋರಸ್ತೈತಿ ಅಜ್ಜಾರ. ಹೆಚ್ಚು ತೋರ್ಸೂದಿಲ್ಲ."

"ಗೊತ್ತೈತಿ ಬಿಡೋ!" ಎಂದು ರೇಗಿದರು. ಆಮೇಲೆ ಸಣ್ಣ ಧ್ವನಿಯಲ್ಲಿ, "ಎಲ್ಲಾರೂ ಒಂದು ಹೇಳೋವಾಗ ನಾನೊಬ್ಬಾವ ಬ್ಯಾರೆ ಹೆಂಗ ಹೇಳ್ಲಿ? ಹತ್ತು ಮಂದಿ ತಪ್ಪಿರತಾರೇನು?"

ಅಲ್ಲಿಗೆ ತಿಳಿಯಿತು. ಹನ್ನೊಂದು ಮಂದಿಯೂ ಬೇರೆ ಬೇರೆ ತಾರಸಿಗಳಲ್ಲಿ, ಬೇರೆ ಬೇರೆ ತಿರುಪು ಹಿಡಿದು ಇದನ್ನೇ ಅಂದುಕೊಂಡಿದ್ದರು. ಕಂಪನಿಯ ಸಂಚಿಲ್ಲ, ಯಂತ್ರದ ಕುತಂತ್ರವಿಲ್ಲ. ಪ್ರತಿಯೊಬ್ಬನೂ ತನ್ನ ಮೇಲೆ ಮಾತ್ರ ಅನುಮಾನಪಟ್ಟಿದ್ದ. ಅನುಮಾನಪಡದೆ ಉಳಿದವರು ಒಬ್ಬರೇ. ಅವರ ಮೇಲೆ ನಾವೆಲ್ಲ ಸೇರಿ ಅನುಮಾನಪಟ್ಟಿದ್ದೆವು.

"ತಿರುಪು ಬಿಚ್ರಿ," ಎಂದೆ.

"ನಾನೊಬ್ಬಾವ ಬಿಚ್ಚಿದ್ರ ಡಂಬಳದ ಗತಿನ ನಂಗೂ. ಒಮ್ಮತ ನನ್ನ ಮಾತು ಕೇಳೂದ ಬಿಡ್ತೈತಿ. ಎಲ್ಲಾರೂ ಕೂಡಿ ಬಿಚ್ಚಬೇಕು."

"ಹಂಗಾದ್ರ ಫೋನ್ ಹಚ್ರಿ. ನಾಳೆ ನನ್ನ ತಂಗಿ ಹಗ್ಗದ ಮ್ಯಾಲೆ ಇರ್ತಾಳ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಲಕ್ಕುಂಡಿಯ ಮೇಷ್ಟರಿಗೆ ಹಚ್ಚಿ, ಎಂದೂ ಯಾರ ಮುಂದೆಯೂ ಒಪ್ಪದಿದ್ದುದನ್ನು ಒಪ್ಪಿಕೊಂಡರು. ನಾನು ಸುಳ್ಳು ಅಂಕದ ಮೇಲೆ ಅಧ್ಯಕ್ಷನಾಗಿದ್ದೆ, ನೀವೂ ತಿದ್ದಿದ್ದರೆ ಈಗಲೇ ಬಿಚ್ಚಿರಿ, ಎಂದರು. ಆ ಕಡೆಯಿಂದ ಭರ್ಜರಿ ನಗು.

"ಲೇ ಗುರುಶಾಂತ! ಹಂಪಣ್ಣನ ದನಿ ಭಾಳ ಚಲೋ ಮಾಡ್ತಿ ಬಿಡಲೇ. ಆದ್ರ ತಪ್ಪು ಒಪ್ಪಕೊಳ್ಳೂದು ಇಟ್ಟಿಯಲ್ಲ, ಅಲ್ಲಿ ಕೆಡಿಸಿದಿ!"

ಮುಳಗುಂದದವರು ಫೋನು ಇಟ್ಟೇಬಿಟ್ಟರು. ಮೂರನೆಯವರು "ಈಗ ಜುಲೇಖಾ ಬಾಯಾರ್ದು ಮಾಡಲೇ" ಎಂದರು. ಹಂಪಣ್ಣ ತಮ್ಮ ಸ್ವಂತ ಧ್ವನಿಯನ್ನು ಬಾಯೊಳಗೇ ಇಟ್ಟುಕೊಂಡು ನನ್ನನ್ನು ನೋಡಿದ ನೋಟವಿದೆಯಲ್ಲ, ಅದಕ್ಕೆ ನನ್ನ ಹತ್ತಿರ ಧ್ವನಿಯಿಲ್ಲ. ಎದ್ದು ಹೋಗಿ ತಮ್ಮ ತಿರುಪನ್ನು ಸೊನ್ನೆಗೆ ತಂದರು. ಪರದೆಯ ಮೇಲೆ ಗಾಳಿ ಏರಿತು, ಅಂಕ ಇಳಿಯತೊಡಗಿತು. "ದಯವಿಟ್ಟು ನಿಮ್ಮ ಉಪಕರಣ ಪರೀಕ್ಷಿಸಿಕೊಳ್ಳಿ," ಎಂದಿತು ಒಮ್ಮತ, ನಯವಾಗಿ.

ಮನೆಗೆ ಬಂದು ಸಾವಂತ್ರಿಗೆ ಎಲ್ಲ ಹೇಳಿದೆ. ಹೇಳುವಾಗ ಹಂಪಣ್ಣ ಬಂದಲ್ಲಿ ಹಂಪಣ್ಣನ ಧ್ವನಿ, ಮೇಷ್ಟರು ಬಂದಲ್ಲಿ ಮೇಷ್ಟರ ಧ್ವನಿ ತಾನಾಗಿ ಬಂತು. ಚಟ. ಅವಳು ಕೊನೆಯವರೆಗೂ ಕೇಳಿ ಚಪ್ಪಾಳೆ ತಟ್ಟಿದಳು.

"ಇದು ಭಾಳ ಚಲೋ ಆಗೇತಿ. ಮ್ಯಾನೇಜರಂದಕ್ಕಿಂತ ಚಲೋ." ಚೀಲದ ಜಿಪ್ ಎಳೆದು ಮಲಗಲು ಹೋದಳು.

*

ಬೆಳಗಾಗುವ ಮೊದಲೇ ಅವಳ ಜೀಪು ಹೋಗಿತ್ತು. ಗೋಪುರ ಹತ್ತುವವರ ಫೋನು ಕೆಳಗಿನ ಪೆಟ್ಟಿಗೆಯಲ್ಲಿರುತ್ತದೆ. ಮೇಲೆ ಇರುವುದು ವಾಕಿಟಾಕಿ, ಅದು ಮಾತಾಡುವುದು ಗದಗಿನ ಕಂಟ್ರೋಲ್ ರೂಮಿನ ಜೊತೆ. ಸ್ಕೂಟರ್ ಹತ್ತುವ ಮೊದಲು ಡಾಕ್ಟರಿಗೆ ಫೋನು ಮಾಡಿದೆ.

"ಯಾರ ದನಿ ಇದು?" ಎಂದರು ಅವರು, ತಣ್ಣಗೆ.

"ನಂದ ರೀ. ಗುರುಶಾಂತಂದು."

"ಕಾರಿನ್ಯಾಗ ಕೇಳೀನಿ ನಿಮ್ಮ ದನಿ. ನನಗಿಂತ ಚಲೋ ನನ್ನ ಹಂಗ ಮಾತಾಡ್ತೀರಿ."

"ತಪ್ಪಾತು. ನಿಮ್ಮ ಯಂತ್ರ ಖರೇ ಐತಿ, ನಮ್ಮವೆಲ್ಲಾ ಸುಳ್ಳು. ನನ್ನ ತಂಗಿ ಪಡುವಣ ಗೋಪುರ ಹತ್ಯಾಳ್ರಿ."

ಆ ಕಡೆ ಮೆಟ್ಟಿಲು ಹತ್ತುವ ಸದ್ದು. ಅವರು ತಾರಸಿಗೆ ಹೋಗುತ್ತಿದ್ದರು. "ಇಲ್ಲಿ ಈಗ ಸುಮ್ನ ಐತಿ. ಆದ್ರ ಮ್ಯಾಲೆ ಮೋಡ ಓಡಾಕತ್ತಾವು. ಕೇಳ್ರಿ, ಚಳಿಗಾಲದಾಗ ತಣ್ಣನ ಗಾಳಿ ನೆಲದ ಮ್ಯಾಲೆ ಕೌದಿ ಹಾಸಿದಂಗ ಮಲಗಿರ್ತೈತಿ. ಬಿರುಗಾಳಿ ಅದರ ಮ್ಯಾಲಿಂದ ಜಾರಕೋಂತ ಹೋಗ್ತೈತಿ. ಬಿಸಲೇರಿ ಕೌದಿ ಸರದ್ರ ಮ್ಯಾಲಿಂದು ಒಮ್ಮಿಗೇ ಕೆಳಗ ಬೀಳ್ತೈತಿ. ನಿಮ್ಮ ತಂಗಿ ಗುಡ್ಡದ ಮರೆಗೆ ಅದಾಳ, ಬೀಳೂ ತನಕ ಆಕಿಗೆ ಏನೂ ಗೊತ್ತಾಗೂದಿಲ್ಲ. ನಾ ಕಾರ್ ತಗೊಂಡು ಅಲ್ಲಿಗೆ ಹೊಂಟೆ. ನೀವು ಆಕಿನ ಇಳಸ್ರಿ."

ಕಂಟ್ರೋಲ್ ರೂಮಿನಲ್ಲಿ ಅರವಿಂದ ಜಾಲಿಹಾಳ ಒಬ್ಬರೇ ಇದ್ದರು, ಚಹಾ ಕುಡಿಯುತ್ತ. ನನ್ನನ್ನು ನೋಡಿ ಕುರ್ಚಿ ಹಿಂದೆ ಸರಿಸಿದರು. "ಇವತ್ತು ಖುದ್ದು ಬಂದೀರಿ? ಮ್ಯಾನೇಜರ್ ಸಾಹೇಬ್ರಿಗೆ ಆರಾಮ ಇಲ್ಲೇನು?"

ಹೇಳಿದೆ. ಅವರು ತಲೆಯಾಡಿಸಿ ಪರದೆ ತೋರಿಸಿದರು. ಮಧ್ಯದಲ್ಲಿ ಒಮ್ಮತದ ದೊಡ್ಡ ಹಸಿರು. ಅಂಚಿನಲ್ಲಿ, ಗುಡ್ಡದ ನೆತ್ತಿಯ ಗೋಪುರಗಳ ಸಾಲಿನಲ್ಲಿ, ಸಣ್ಣ ಹಳದಿ ದೀಪಗಳು.

"ಈ ಹಳದಿ ಏನ್ರಿ?"

"ಗೋಪುರದ ತಲಿ ಮ್ಯಾಲಿನ ಮಾಪಕ. ಒಮ್ಮತಕ್ಕಿಂತ ಬ್ಯಾರೆ ಹೇಳಿದ್ರ 'ಮಾಪಕ ದೋಷ' ಅಂತ ಹಳದಿ ಬರ್ತೈತಿ. ಶನಿವಾರದಿಂದ ಕೆಟ್ಟಾವು. ಹೊಸಾವು ಕಳಸ್ರಿ ಅಂತ ಆರ್ಡರ್ ಹಾಕೇನಿ."

"ಎಷ್ಟು ಕೆಟ್ಟಾವು?"

"ಎಲ್ಲಾವೂ." ಅವರ ಚಹಾದ ಲೋಟ ತುಟಿಯ ಹತ್ತಿರ ನಿಂತಿತು. ತಾವು ಹೇಳಿದ ಮಾತನ್ನು ತಾವೇ ಆಗ ಕೇಳಿಸಿಕೊಂಡರು.

"ಎಲ್ಲಾ ಮಾಪಕ ಒಂದೇ ದಿನ ಕೆಡ್ತಾವೇನ್ರಿ ಜಾಲಿಹಾಳರ?"

ಅವರು ಹಸಿರನ್ನು ನೋಡಿದರು, ಹಳದಿಯನ್ನು ನೋಡಿದರು, ನನ್ನನ್ನು ನೋಡಿದರು. ಮೂರರಲ್ಲಿ ಯಾವುದನ್ನು ನಂಬುವುದೆಂದು ತಿಳಿಯದ ಮುಖ. "ಇಳೀರಿ ಅನ್ನಾಕ ನನಗ ಬರೂದಿಲ್ಲ. ಅದಕ್ಕ ಒಮ್ಮತದ ಕೆಂಪು ಬೇಕು. ಹಸರು ಇದ್ದಾಗ ನಿಲ್ಲಿಸಿದ್ರ ನನ್ನ ಮಾತಿಗೂ ಅಂಕ ಐತ್ರಿ ಇಲ್ಲಿ." ಸ್ವಲ್ಪ ತಡೆದು, "ಆದ್ರ ಹಗ್ಗದ ಮ್ಯಾಲಿದ್ದಾವರು ತಾವ ಇಳೀತೀನಿ ಅಂದ್ರ ಯಾರೂ ಯಾಕ ಅಂತ ಕೇಳಂಗಿಲ್ಲ. ನಿಯಮ ಐತಿ." ಮೈಕನ್ನು ನನ್ನ ಕಡೆ ತಳ್ಳಿ ಕಿಟಕಿಯ ಕಡೆ ತಿರುಗಿದರು. ಕಿಟಕಿಯಲ್ಲಿ ಬಿಸಿಲು ಏರುತ್ತಿತ್ತು.

ಗುಂಡಿ ಒತ್ತಿದೆ. "ಸಾವಂತ್ರಿ."

ಗರಗರ. "ಹೇಳ್ರಿ ಕಂಟ್ರೋಲ್. ರೆಕ್ಕಿ ಮ್ಯಾಲೆ ಇಳದೇನಿ, ತುದಿಗೆ ಹೊಂಟೇನಿ. ಗಾಳಿ ಇಲ್ಲ."

"ನಾನವಾ. ಅಣ್ಣ."

"ಜಾಲಿಹಾಳ ಸರ್ ಎಲ್ಲಿ? ನೀ ಖರೇ ನನ್ನ ಅಣ್ಣ ಏನು, ಮತ್ತ್ಯಾರರೆ ಅಣ್ಣನ ದನಿ ಮಾಡಾಕತ್ತೀರೋ? ಅಣ್ಣನ ದನಿ ಹಿಂಗಿಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ನನ್ನ ಕಿವಿಗೂ ಅದು ಅಪರಿಚಿತವಾಗಿತ್ತು. ಒಣಗಿದ, ಯಾರದೂ ಅಲ್ಲದ ಧ್ವನಿ.

"ಇಳಿ. ಈಗ ಇಳಿ."

"ಯಾಕ?"

ಕೌದಿಯ ಮಾತು ಹೇಳಬೇಕೆಂದುಕೊಂಡೆ. ತಿರುಪಿನ ಮಾತು, ಹಳದಿ ದೀಪದ ಮಾತು. ಯಾವುದೂ ನಾಲಿಗೆಗೆ ಬರಲಿಲ್ಲ. "ನನಗ ಅಂಜಿಕಿ ಆಗೇತಿ," ಎಂದೆ.

ಗರಗರ.

"ನೀ ಅಣ್ಣ ಇದ್ರ ಒಂದು ಜೋಕ್ ಹೇಳು."

ಬಾಯಿ ತೆರೆದೆ. ಹಗ್ಗದ ಮೇಲೆ ನೂರು ಶ್ಲೇಷೆ ಮಾಡಬಲ್ಲವನು ನಾನು. ರೆಕ್ಕೆಯ ಮೇಲೆ ಇನ್ನೂರು. ಜಾಲಿಹಾಳರು ಕಿಟಕಿಯಿಂದ ತಿರುಗಿ ನನ್ನನ್ನು ನೋಡುತ್ತಿದ್ದರು. ಗುಂಡಿ ಒತ್ತಿಕೊಂಡೇ ಇದ್ದೆ. ಬರೀ ನನ್ನ ಉಸಿರು ಅವಳಿಗೆ ಹೋಗುತ್ತಿತ್ತು.

"ಬರವಲ್ದು," ಎಂದೆ ಕೊನೆಗೆ. "ಬರವಲ್ದವಾ."

ಈ ಸಲ ಗರಗರ ಬಹಳ ಹೊತ್ತು ಇತ್ತು.

"ಆತು," ಎಂದಳು ಸಾವಂತ್ರಿ. ಆಮೇಲೆ ಕೆಲಸದ ಧ್ವನಿಯಲ್ಲಿ, "ಕಂಟ್ರೋಲ್, ನಾನು ಕೆಲಸ ನಿಲ್ಲಸಾಕತ್ತೇನಿ. ನನ್ನ ಜೋಡಿ ಮ್ಯಾಲಿರೂ ಹುಡುಗಿನೂ ಒಳಗ ಮೆಟ್ಟಲ ಹಿಡದು ಇಳೀತಾಳ. ನಾನು ಹಗ್ಗದ ಮ್ಯಾಲೆ ನೇರ ನೆಲಕ್ಕ ಬರ್ತೇನಿ."

"ದಾಖಲಾತು," ಎಂದರು ಜಾಲಿಹಾಳರು ನನ್ನ ಹೆಗಲ ಮೇಲಿಂದ ಬಾಗಿ.

ಆಮೇಲೆ ಮಾಡಲು ಏನೂ ಇರಲಿಲ್ಲ. ಪರದೆಯಲ್ಲಿ ಹಸಿರು ಹಸಿರಾಗಿಯೇ ಇತ್ತು. ನಾನು ಡಾಕ್ಟರಿಗೆ ಫೋನು ಹಚ್ಚಿದೆ. ಅವರು ಗೋಪುರದ ಬುಡಕ್ಕೆ ತಲುಪಿದ್ದರು. "ಕಾಣಾಕತ್ತಾಳ," ಎಂದರು. "ಕೆಂಪು ಹೆಲ್ಮೆಟ್. ಅರ್ಧ ಬಂದಾಳ. ಇಲ್ಲಿ ಹುಲ್ಲು ಸೈತ ಅಳ್ಳಾಡವಲ್ದು." ಇನ್ನಷ್ಟು ಹೊತ್ತು. "ಕಾಲು ಊರಿದಳು. ಹಗ್ಗ ಬಿಚ್ಚಾಕತ್ತಾಳ. ಇನ್ನೊಬ್ಬಾಕಿನೂ ಬಾಗಲದಿಂದ ಹೊರಗ ಬಂದ್ಲು. ನೋಡ್ರಿ, ನನ್ನ ಮ್ಯಾಲೆ ಸಿಟ್ಟಾಗ್ಯಾಳ, 'ಗಾಳಿ ಎಲ್ಲೈತ್ರಿ ಡಾಕ್ಟರ' ಅಂತಾಳ..."

ಮಾತು ಅಲ್ಲಿಗೆ ಕಡಿಯಿತು. ಫೋನು ಕಡಿದಿರಲಿಲ್ಲ. ಮೊದಲು ದೂರದಲ್ಲಿ ಲಾರಿಯೊಂದು ಗುಡ್ಡ ಇಳಿದ ಹಾಗೆ ಸದ್ದು, ಆಮೇಲೆ ಲಾರಿ ಕಿವಿಯೊಳಗೇ ಬಂದ ಹಾಗೆ. ಯಾರೋ "ಕಾರಿನ್ಯಾಗ! ಕಾರಿನ್ಯಾಗ!" ಎಂದು ಕೂಗಿದರು. ಬಾಗಿಲು ಹಾಕಿಕೊಂಡಿತು, ಮತ್ತೆ ತೆರೆದುಕೊಂಡಿತು, ಮೂರು ಜನ ಸೇರಿ ಎಳೆದ ಮೇಲೆ ಹಾಕಿಕೊಂಡಿತು. ಮೇಲೆ ಬಿಟ್ಟು ಬಂದ ಹಗ್ಗ ಗೋಪುರದ ಉಕ್ಕಿಗೆ ಚಾಟಿಯ ಹಾಗೆ ಬಡಿಯುತ್ತಿತ್ತು. ಫಟ್. ಫಟ್. ಈ ಕಡೆ ಜಾಲಿಹಾಳರು ಹಸಿರು ಪರದೆಯ ಮುಂದೆ ಕೈಕಟ್ಟಿ ನಿಂತು ಕೇಳುತ್ತಿದ್ದರು.

"ಅಣ್ಣಾ," ಎಂದಳು ಸಾವಂತ್ರಿ, ಹತ್ತಿರದಿಂದ, ಮೆಲ್ಲಗೆ. "ಕೇಳಸ್ತೇನು?"

"ಕೇಳಸ್ತು."

"ಈ ಗಾಳಿ ದನಿ ಮಾತ್ರ ಯಾರ ಮುಂದೂ ಮಾಡಿ ತೋರಿಸಬ್ಯಾಡ."

"ಇಲ್ಲ," ಎಂದೆ.